ಮಗಳ ತೋಳಿನ ಹಸಿರು ಬಟ್ಟೆ

“ಅರೇ ರುಕೋ ಅಕ್ಕಾ, ಅದನ್ನ ಒಗೀಬ್ಯಾಡ್ರಿ!”

ನಾವೆಲ್ಲ ಖಾಲಾ ಎಂದು ಕರೆಯುವ ಪಕ್ಕದ ಮನೆಯ ಮುಸ್ಲಿಂ ಚಿಕ್ಕಮ್ಮ ಕೂಗಿದಾಗ ನನ್ನ ಕೈ ಮಗಳ ತೋಳಿನ ಮೇಲಿತ್ತು. ಕಾಲಿಲ್ಲದ ಬಡ ಮಕ್ಕಳಿಗೆ ಕೃತಕ ಕಾಲು ಹಾಕಿಸಲು ದೇಣಿಗೆ ಕೂಡಿಸುತ್ತ ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ಸೈಕಲ್ ತುಳಿದವಳು, ರೈಲಿನಲ್ಲಿ ಭಾಲ್ಕಿಗೆ ಬಂದಿಳಿದು, ಅಲ್ಲಿಂದ ಮತ್ತೆ ಸೈಕಲ್ ಮೇಲೆಯೇ ಬೀದರಿನ ನಮ್ಮ ಬಾಗಿಲಿಗೆ ಬಂದಿದ್ದಳು. ನಾನು ರೊಟ್ಟಿ ತುಣುಕು ನಿವಾಳಿಸಿ ದೃಷ್ಟಿ ತೆಗೆದಿದ್ದೆ. ಅವಳ ತೋಳಿಗೆ ಬೆವರಿನಿಂದ ಮಾಸಿದ ಹಸಿರು ಬಟ್ಟೆ ಕಟ್ಟಿತ್ತು. ಗಾಯದ ಪಟ್ಟಿ ಎಂದುಕೊಂಡು, ರೊಟ್ಟಿಯ ಜೊತೆ ಅದನ್ನೂ ಎಸೆಯಲು ಹೊರಟಿದ್ದೆ.

ಖಾಲಾ ಓಡಿಬಂದು ತಾವೇ ಗಂಟು ಬಿಚ್ಚಿದರು. ಒಳಗೊಂದು ನಾಣ್ಯವಿತ್ತು.

“ಇಮಾಮ್ ಜಾಮಿನ್ ರೀ ಇದು. ದೂರ ಹೋಗೋರಿಗೆ ದೇವರ ಕಾವಲು ಇರ್ಲಿ ಅಂತ ಕಟ್ತೇವಿ. ಸುಖವಾಗಿ ಬಂದ ಮ್ಯಾಲ ದಾನಕ್ಕ ಹೋಗಬೇಕು. ಒಗದ್ರ ಹ್ಯಾಂಗ್ರಿ?”

ಮಗಳು ಹೊರಟ ದಿನ ಖಾಲಾ ಅವಳನ್ನು ಓಣಿಯ ತಿರುವಿನಲ್ಲಿ ನಿಲ್ಲಿಸಿ ಕಟ್ಟಿದ್ದರಂತೆ.

“ನನಗ ಯಾಕ ಹೇಳಲಿಲ್ಲ?” ಎಂದು ಮಗಳನ್ನು ಕೇಳಿದೆ.

“ನೀ ಕಟ್ಟಿದ ಗುಡಿ ದಾರ ಒಂದ್ ಕೈಗೆ, ಖಾಲಾಂದು ಇನ್ನೊಂದ್ ಕೈಗೆ. ಸೈಕಲ್ಲಿಗೂ ಎರಡು ಬ್ರೇಕ್ ಇರ್ತಾವಲ್ಲವ್ವಾ!” ಎಂದು ನಕ್ಕಳು.

ಖಾಲಾ ಆ ನಾಣ್ಯವನ್ನು ಕಣ್ಣಿಗೊತ್ತಿಕೊಂಡು ಸೈಕಲ್ಲಿಗೆ ಕಟ್ಟಿದ್ದ ದೇಣಿಗೆ ಡಬ್ಬಿಗೆ ಹಾಕಿದರು.

ಮಗಳು ದಾರಿಯಲ್ಲಿದ್ದಷ್ಟು ದಿನವೂ ಅವಳಿಗಾಗಿ ದೇವರ ಮುಂದೆ ಕೂತವಳು ನಾನೊಬ್ಬಳೇ ಎಂದುಕೊಂಡಿದ್ದೆ. ಗೋಡೆಯಾಚೆ ಇನ್ನೊಬ್ಬರು ಕೂತಿದ್ದರು. ಅವಳು ಸುಖವಾಗಿ ಮನೆ ಮುಟ್ಟಿದ್ದು ದೇವರ ಒಂದು ಕರುಣೆಯಾದರೆ, ಇದು ಇನ್ನೊಂದು.