ಬ್ಲೀಚ್ ಖಾಲಿಯಾದ ದಿನ

ದೊಡ್ಡಬಳ್ಳಾಪುರದ ನಮ್ಮ ಬೀದಿಯ ಪಾರ್ಲರ್ ಅಕ್ಕ ಯಾರ ಮುಖ ಮುಟ್ಟುವ ಮೊದಲೂ ಟವೆಲ್ಲಿಗೆ ಕೈ ಒರೆಸಿಕೊಂಡು, "ವಿಶೇಷ ಏನಾದ್ರೂ ಇದ್ಯಾ?" ಎಂದು ಕೇಳುತ್ತಿದ್ದರು. ಬಸುರಿಯರಿಗೆ ಬ್ಲೀಚ್ ಹಚ್ಚುವುದಿಲ್ಲ ಎಂಬುದು ಅವರ ಹಟ. ಅರವತ್ತು ದಾಟಿದವರನ್ನೂ ಬಿಡುತ್ತಿರಲಿಲ್ಲ. ಅವರು ನಕ್ಕರೆ, "ಕೇಳೋದು ನನ್ನ ಕೆಲ್ಸ" ಎನ್ನುತ್ತಿದ್ದರು.

ನಾದಿನಿಯ ಮದುವೆಗೆ ನಾಲ್ಕು ದಿನವಿತ್ತು. ಮುಖಕ್ಕೆ ಬ್ಲೀಚ್ ಮಾಡಿಸಲು ಅತ್ತೆಯೇ ನನ್ನನ್ನು ಕರೆದುಕೊಂಡು ಹೋಗಿ ಪಕ್ಕದಲ್ಲೇ ಕೂತರು. ಅಂದು ಬೆಳಗ್ಗೆಯಷ್ಟೇ ಟೆಸ್ಟ್ ಕಿಟ್‌ನಲ್ಲಿ ಎರಡು ಗೆರೆ ನೋಡಿದ್ದೆ. ಮೂರು ತಿಂಗಳು ತುಂಬುವ ತನಕ ಬಾಯಿಬಿಡಬಾರದು ಎನ್ನುವುದು ನಮ್ಮ ಕಡೆಯ ರೂಢಿ, ಗಂಡನಿಗೊಬ್ಬನಿಗೇ ಹೇಳಿದ್ದೆ.

"ವಿಶೇಷ ಏನಾದ್ರೂ ಇದ್ಯಾ?"

ಇದೆ ಎನ್ನಲಿಲ್ಲ, ಇಲ್ಲ ಎನ್ನಲೂ ಆಗಲಿಲ್ಲ. ಕನ್ನಡಿಯಲ್ಲಿ ಅವರನ್ನೇ ನೋಡಿದೆ. ನಗು ತಡೆಯಲಾಗಲಿಲ್ಲ.

ಬ್ಲೀಚ್ ಡಬ್ಬಿಗೆ ಚಾಚಿದ್ದ ಕೈಯನ್ನು ಅಕ್ಕ ಹಿಂದಕ್ಕೆ ತೆಗೆದುಕೊಂಡರು. "ಬ್ಲೀಚ್ ಖಾಲಿ ಆಗ್ಬಿಟ್ಟಿದೆ ಅಮ್ಮಾ. ಕಡ್ಲೆಹಿಟ್ಟು, ಮೊಸ್ರು ಹಚ್ತೀನಿ" ಎಂದು ಅತ್ತೆಗೆ ಹೇಳಿ, ನನ್ನ ಕಿವಿಯ ಬಳಿ ಬಗ್ಗಿದರು. "ರಾತ್ರಿ ಹಚ್ಕೊಳ್ತೀರಲ್ಲ, ಆ ಮೊಡವೆ ಕ್ರೀಮು, ಅದನ್ನ ಇವತ್ತೇ ನಿಲ್ಸಿ. ಡಾಕ್ಟ್ರಿಗೆ ತೋರ್ಸಿ."

ಅವರ ಹಿಂದಿನ ಶೆಲ್ಫಿನಲ್ಲಿ ಬ್ಲೀಚ್ ಡಬ್ಬಿಗಳು ಸಾಲಾಗಿ ಕೂತಿದ್ದವು. ಅತ್ತೆ ಅವನ್ನು ನೋಡಿದರು, ನನ್ನನ್ನು ನೋಡಿದರು.

ಮನೆಗೆ ಬಂದವರೇ, ನನಗೆಂದು ಹೆಚ್ಚಿಟ್ಟಿದ್ದ ಪರಂಗಿ ಹಣ್ಣಿನ ತಟ್ಟೆಯನ್ನು ಎತ್ತಿಕೊಂಡು ಹೋಗಿ ಪಕ್ಕದ ಮನೆಗೆ ಕೊಟ್ಟು ಬಂದರು.