ಕೋಡಿಲ್ಲದ ಕಡಸು ಮತ್ತು ನನ್ನ ಅತ್ತೆ

ಇಲ್ಲಿ ಅಮೇರಿಕಾದ ನಮ್ಮ ಆಫೀಸಿನಲ್ಲಿ ನನ್ನ ಪಕ್ಕದ ಸೀಟಿನವರು ವಾರವಿಡೀ ಕಂಪ್ಯೂಟರಿನ ಮುಂದೆ ಕೂತು, ಶನಿವಾರ ಬಂದರೆ ರಬ್ಬರ್ ಬೂಟು ಹಾಕಿಕೊಂಡು ದನ ಕಾಯುವ ಹೆಂಗಸು. ವೆಸ್ಟ್‌ಮಂಟ್‌ನ ನಮ್ಮ ಮನೆಯಿಂದ ಪಶ್ಚಿಮಕ್ಕೆ ಅರವತ್ತು ಮೈಲಿ ಹೋದರೆ ಜೋಳದ ಹೊಲಗಳ ನಡುವೆ ಅವರ ಫಾರ್ಮ್. ಸಾಕುವುದು ಮಾಂಸದ ತಳಿಯ ಕಪ್ಪು ದನ. ನಾನು ಹುಟ್ಟಾ ಸಸ್ಯಾಹಾರಿ. ಆದರೂ ಅಲ್ಲಿಯ ಒಂದು ಕಡಸಿನ ಮೇಲೆ ನನಗೆ ಮನಸ್ಸಾಗಿತ್ತು. ಇನ್ನೂ ಕರು ಹಾಕಿರಲಿಲ್ಲ, ಸಿಕ್ಕಿದ್ದನ್ನೆಲ್ಲ ನೆಕ್ಕುತ್ತಿತ್ತು. ತಳಿ ಬೆಳೆಸಲು ಇಟ್ಟುಕೊಂಡದ್ದು, ಕಸಾಯಿಖಾನೆಗೆ ಹೋಗುವುದಲ್ಲ ಎಂದು ತಿಳಿದ ಮೇಲಂತೂ ಅದರ ಮೈ ತಿಕ್ಕಲು ಪ್ರತಿ ಶನಿವಾರ ಡ್ರೈವ್ ಮಾಡಿಕೊಂಡು ಹೋಗತೊಡಗಿದೆ.

ಕೌಂಟಿಯ, ಎಂದರೆ ಇಲ್ಲಿಯ ಜಿಲ್ಲೆಯ, ಕೃಷಿ ಮೇಳ ಹತ್ತಿರ ಬಂದಾಗ, ದನಗಳ ಸ್ಪರ್ಧೆಗೆ ಕಡಸಿನ ಹೆಸರು ಕೊಟ್ಟಿದ್ದ ನನ್ನ ಸಹೋದ್ಯೋಗಿ ಗೇಟು ಹತ್ತಲು ಹೋಗಿ ಮಣಿಕಟ್ಟು ಮುರಿದುಕೊಂಡರು.

"ಅದು ನಿನ್ನ ಮಾತು ಕೇಳುತ್ತೆ. ರಿಂಗಿನಲ್ಲಿ ನೀನೇ ಹಿಡಿದುಕೊಂಡು ನಡೆ," ಎಂದರು.

ಅದು ಯಾರ ಮಾತನ್ನೂ ಕೇಳುತ್ತಿರಲಿಲ್ಲ. ನಾನು ಒಪ್ಪಿಕೊಂಡೆ.

ಆಗ ಗದಗಿನಿಂದ ನನ್ನ ಅತ್ತೆ ಬೇಸಿಗೆ ಕಳೆಯಲು ಬಂದಿದ್ದರು. ಮಾಂಸದ ದನ ಎಂದರೆ ಏನೆನ್ನುತ್ತಾರೋ ಎಂದು ಹೆದರಿದ ನನ್ನ ಗಂಡ, ಮೇಳಕ್ಕೆ ಹೊರಟಾಗ ಕಾರಿನಲ್ಲಿ "ಅವ್ವಾ, ಇವೆಲ್ಲ ಹಾಲಿನ ಆಕಳು" ಎಂದುಬಿಟ್ಟ. ಅತ್ತೆ ಕಿಟಕಿಯಾಚೆ ನೋಡುತ್ತ, "ಹೌದೇನು?" ಎಂದರು, ಅಷ್ಟೇ.

ಮೇಳದ ಕೊಟ್ಟಿಗೆಯಲ್ಲಿ ಕಡಸಿಗೆ ಶಾಂಪೂ ಹಾಕಿ ತೊಳೆದೆವು. ದೊಡ್ಡ ಡ್ರೈಯರಿನಿಂದ ಒಣಗಿಸಿದೆವು. ಕಾಲಿನ ಕೂದಲನ್ನು ಮೇಲಕ್ಕೆ ಬಾಚಿ ಸ್ಪ್ರೇ ಹೊಡೆದೆವು.

"ಮದುವಿ ಹೆಣ್ಣಿಗೂ ಇಷ್ಟು ಮಾಡೂದಿಲ್ಲ ನೋಡವಾ," ಎಂದ ಅತ್ತೆ ಅದರ ಸುತ್ತ ಒಂದು ಸುತ್ತು ಬಂದರು. "ಕೋಡಿಲ್ಲ, ಡುಬ್ಬಿಲ್ಲ. ಇದೇನು ಆಕಳೋ, ಟ್ರಂಕೋ?" ಆಮೇಲೆ ಮಗನ ಕಡೆ ತಿರುಗಿದರು. "ಹಾಲು ಎಷ್ಟು ಕೊಡ್ತಾವೋ ಇವು?"

"ಭಾಳ, ಅವ್ವಾ."

"ಅಲ್ಲಿ ಬೋರ್ಡಿನ್ಯಾಗ 'ಬೀಫ್' ಅಂತ ಬರದಾರಲ್ಲ, ಅದು ಹಾಲಿನ ಹೆಸರೇನು? ನಾ ಮೂವತ್ತು ವರ್ಷ ಸಾಲ್ಯಾಗ ಇಂಗ್ಲಿಷ್ ಕಲಿಸೀನಿ."

ನನ್ನ ಗಂಡ ನಿಂಬೆ ಶರಬತ್ತು ತರುತ್ತೇನೆಂದು ಮಾಯವಾದ. ಅತ್ತೆ ನನ್ನನ್ನು ಕೇಳಿದರು, "ಇದನ್ನಂತೂ ಕೊಯ್ಯೂದಿಲ್ಲಲ್ಲ?"

"ಇಲ್ಲ ಅತ್ತೆ, ಇದು ತಳಿಗೆ."

"ಹಂಗಾರ ಗೆಲ್ಲಿಸು," ಎಂದವರೇ, ನಾನು ಆ ಕಡೆ ತಿರುಗಿದಾಗ ಚೀಲದಿಂದ ಶೇಂಗಾ ಉಂಡಿ ತೆಗೆದು ಅದಕ್ಕೆ ತಿನ್ನಿಸಿದರು. ಒಂದಲ್ಲ.

ಬೇಲಿ ಹಾಕಿದ ಸ್ಪರ್ಧೆಯ ರಿಂಗಿನಲ್ಲಿ ಅಗಲ ಟೋಪಿಯ ತೀರ್ಪುಗಾರರು ಮೈಕು ಹಿಡಿದು ನಿಂತಿದ್ದರು. ಮೊದಲ ಸುತ್ತು ಚೆನ್ನಾಗಿಯೇ ಆಯಿತು. ಆಮೇಲೆ ಎಲ್ಲರೂ ಸಾಲಾಗಿ ದನ ನಿಲ್ಲಿಸಬೇಕು, ಉದ್ದ ಕೋಲಿನಿಂದ ಅದರ ಹೊಟ್ಟೆ ಕೆರೆದು ಸಮಾಧಾನ ಮಾಡಬೇಕು. ನಾನು ಕೋಲು ಚಾಚುವಷ್ಟರಲ್ಲಿ, ಬೇಲಿಯಾಚೆ ಮುಂದಿನ ಸಾಲಿನಲ್ಲಿದ್ದ ಅತ್ತೆ ಚೀಲದ ಜಿಪ್ ಎಳೆದರು. ಕಡಸು ಕಿವಿ ನಿಮಿರಿಸಿ ಹೊರಟೇಬಿಟ್ಟಿತು. ಅದರ ತೂಕ ಸಾವಿರ ಪೌಂಡಿನ ಮೇಲೆ. ನನ್ನ ತೂಕ ಹೇಳುವುದಿಲ್ಲ, ಆದರೆ ಸಾಲಲಿಲ್ಲ. ಹಗ್ಗ ಹಿಡಿದು, ನೆಲಕ್ಕೆ ಹಾಸಿದ್ದ ಮರದ ಪುಡಿಯಲ್ಲಿ ಜಾರುತ್ತ, ಇಡೀ ರಿಂಗು ದಾಟಿದೆ.

"ಬಾ ನನ್ನವ್ವಾ, ಬಾ," ಎಂದು ಅತ್ತೆ ಉಂಡಿ ಮುಂದೆ ಹಿಡಿದರು. ಬೇಲಿಯ ಮೇಲೆ ತಲೆಯಿಟ್ಟು ಕಡಸು ಮೆಲ್ಲತೊಡಗಿತು, ನಾಲ್ಕೂ ಕಾಲು ಊರಿ, ಕಲ್ಲಿನಂತೆ ನಿಂತು. ತೀರ್ಪುಗಾರರು ನಗುತ್ತ ಅಲ್ಲಿಗೇ ಬಂದರು.

"ಗುಡ್ ಗರ್ಲ್, ಸರ್. ವೆರಿ ಸ್ಟ್ರಾಂಗ್ ಲೆಗ್ಸ್," ಎಂದರು ಅತ್ತೆ. ನಾನು ನೆಲ ನೋಡಿದೆ.

ಕೊನೆಗೆ ಮೈಕಿನಲ್ಲಿ ತೀರ್ಪು ಬಂತು: "ಕಾಲಿನ ಬಗ್ಗೆ ಈ ಅಮ್ಮ ಹೇಳಿದ್ದು ಸರಿ. ಬೆನ್ನೂ ನೇರವಾಗಿದೆ. ಎರಡನೆಯ ಸ್ಥಾನ. ಇಲ್ಲಿ ಅಂಕ ದನಕ್ಕೆ ಮಾತ್ರ, ಹಗ್ಗ ಹಿಡಿದವರಿಗಲ್ಲ. ಅದು ಅವರ ಪುಣ್ಯ."

ಜನ ಚಪ್ಪಾಳೆ ತಟ್ಟಿದರು. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಖುಷಿಯಾಯಿತು.

ಕೈಗೆ ಪಟ್ಟಿ ಕಟ್ಟಿಕೊಂಡೇ ಕುಣಿದ ನನ್ನ ಸಹೋದ್ಯೋಗಿ ಕೊಟ್ಟಿಗೆಯಲ್ಲಿ ಹೋರಿಗಳ ಕ್ಯಾಟಲಾಗ್ ಬಿಚ್ಚಿದರು. ಕಡಸಿಗೆ ಗರ್ಭ ಕಟ್ಟಿಸುವ ಸಮಯವಂತೆ. ಪುಟಕ್ಕೊಂದು ಫೋಟೊ, ಕೆಳಗೆ ಅಪ್ಪ, ಅಜ್ಜ, ಮುತ್ತಜ್ಜನ ವಿವರ. ನಾನು ಅರ್ಥ ಹೇಳುವ ಮೊದಲೇ ಅತ್ತೆ ಕನ್ನಡಕ ಏರಿಸಿದರು.

"ಗಂಡು ನೋಡೂದೇನು? ನನ್ನ ಕಡೆ ಕೊಡ್ರಿ." ಒಂದರ ಕಣ್ಣು ಸರಿಯಿಲ್ಲ, ಇನ್ನೊಂದಕ್ಕೆ ಸೊಕ್ಕು ಎಂದು ತಳ್ಳಿಹಾಕಿ, ಸೌಮ್ಯ ಮುಖದ ಒಂದರ ಮೇಲೆ ಬೆರಳಿಟ್ಟರು. "ಇವನ ಮನೀಗೆ ಯಾವಾಗ ಹೋಗೂದು?"

"ಗಂಡು ಬರೋದಿಲ್ಲ ಅತ್ತೆ, ಇಂಜೆಕ್ಷನ್ ಅಷ್ಟೇ. ಪಾರ್ಸೆಲ್ ಬರುತ್ತೆ."

ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ಹುಲ್ಲಿನ ಪಿಂಡಿಯ ಮೇಲೆ ಕುಸಿದು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು.

ಮುಂದಿನ ವಸಂತದಲ್ಲಿ ಹೆಣ್ಣು ಕರು ಹುಟ್ಟಿತು. ಫಾರ್ಮ್‌ನಿಂದಲೇ ಗದಗಿಗೆ ವಿಡಿಯೊ ಕಾಲ್ ಮಾಡಿದೆ. ಅತ್ತೆ ನನ್ನನ್ನು ಮಾತಾಡಿಸಲೂ ಇಲ್ಲ. ಓಣಿಯ ಹೆಂಗಸರನ್ನೆಲ್ಲ ಕರೆದು ಫೋನು ಎತ್ತಿ ಹಿಡಿದರು. "ನೋಡ್ರಿ, ಅಮೇರಿಕಾದಾಗ ನಾ ಕೂಡಿಸಿದ ಸಂಬಂಧ."