ಸಾಂಬ್ರಾಣಿ ಹೊಗೆಯ ಶುಕ್ರವಾರಗಳು

ಸಾಂಬ್ರಾಣಿ ಹೊಗೆ ಮೂಗಿಗೆ ಬಡಿದರೆ ಸಾಕು, ನನಗೆ ಶುಕ್ರವಾರ ಬೆಳಿಗ್ಗೆ ಹನ್ನೊಂದು ಇಪ್ಪತ್ತಾಗುತ್ತದೆ. ಗೋಡೆಯ ಗಡಿಯಾರ ಏನೇ ಹೇಳಲಿ. ಮೊನ್ನೆ ಶುಕ್ರವಾರ ಸಂಜೆ ಮಲ್ಕಾಜ್‌ಗಿರಿಯ ನಮ್ಮ ಮನೆಯಲ್ಲಿ ಅವ್ವ ಕೆಂಡದ ಮೇಲೆ ಚಿಟಿಕೆ ಸಾಂಬ್ರಾಣಿ ಉದುರಿಸಿದಳು. ಇಸ್ತ್ರಿ ಮಾಡುತ್ತಿದ್ದ ನನ್ನ ಕೈ ಅಲ್ಲೇ ನಿಂತಿತು. ಅಂಗಿಯ ಬೆನ್ನಿಗೆ ಕಂದು ಗುರುತು ಬಿತ್ತು. ಹೊಗೆಗೆ ಹೆದರುವವನು ತಾನೇ ಹೊಗೆ ಎಬ್ಬಿಸಿದ್ದನ್ನು ನೀವು ನೋಡಬೇಕಿತ್ತು.

ಬೇಗಂಪೇಟೆಯ ನಮ್ಮ ಹಳೆಯ ಆಫೀಸಿನಲ್ಲಿ ಶುಕ್ರವಾರದ ಪೂಜೆ ತಪ್ಪುತ್ತಿರಲಿಲ್ಲ. ಧೂಪದ ತಟ್ಟೆ ಸಾಲುಸಾಲಾಗಿ ಬರುತ್ತಿತ್ತು, ನಾವು ಕಂಪ್ಯೂಟರ್ ಬಿಟ್ಟು ಎದ್ದು ಕೈಮುಗಿಯುತ್ತಿದ್ದೆವು. ಚಾವಣಿಯಲ್ಲಿದ್ದ ಹೊಗೆ ಅಲಾರಂಗೆ ಮಾತ್ರ ಭಕ್ತಿ ಇರಲಿಲ್ಲ. ಮಂಗಳಾರತಿ ಮುಗಿಯುವ ಮೊದಲೇ ಕಿರುಚಿಕೊಳ್ಳುತ್ತಿತ್ತು. ಹಾಗಾಗಿ ಪೂಜೆಯ ಹೊತ್ತಿಗೆ ಪ್ರತಿ ಅಲಾರಂಗೂ, ಹೋಟೆಲಿನ ಸ್ನಾನದ ಮನೆಯಲ್ಲಿ ಕೊಡುತ್ತಾರಲ್ಲ ಅಂಥದ್ದೇ ಒಂದು ಪ್ಲಾಸ್ಟಿಕ್ ಟೊಪ್ಪಿಗೆ ಹಾಕಿಸತೊಡಗಿದರು. ಮೊದಮೊದಲು ಪೂಜೆಯಾದ ಮೇಲೆ ತೆಗೆಯುತ್ತಿದ್ದರು. ಆಮೇಲೆ ವಾರವಾರ ಏಣಿ ತರುವುದು ಯಾರಿಗೆ ಬೇಕಾಗಿತ್ತು? ಟೊಪ್ಪಿಗೆಗಳು ಅಲ್ಲೇ ಉಳಿದು ಹಳದಿಯಾದವು.

ಅದೇ ಕಾಲಕ್ಕೆ ನಮ್ಮಲ್ಲಿ ನೀತಿ ಸಪ್ತಾಹ ಬಂತು. ಬಲಗೈ ಎತ್ತಿ ಪ್ರಮಾಣ ಮಾಡಿದೆವು. ಪ್ರಾಮಾಣಿಕತೆಯ ಮೇಲೆ ಪರೀಕ್ಷೆ ಬರೆದು ಎಲ್ಲರೂ ಪಾಸಾದೆವು. ಫೇಲಾಗುವುದಕ್ಕೆ ಅದರಲ್ಲಿ ಅವಕಾಶವೇ ಇರಲಿಲ್ಲ. ಬಹುಮಾನವಾಗಿ 'ನೀವು ಮಾತಾಡಿ, ನಾವು ಕೇಳುತ್ತೇವೆ' ಎಂದು ಅಚ್ಚಾದ ಮಗ್ ಕೊಟ್ಟರು. ಕೊನೆಯ ದಿನದ ಸಭೆಯಲ್ಲಿ, ಯಾರಿಗಾದರೂ ಏನಾದರೂ ಹೇಳುವುದಿದೆಯೇ ಎಂದು ಕೇಳಿದರು. ಇಂಥ ಪ್ರಶ್ನೆಗೆ ಯಾರೂ ಏನೂ ಹೇಳುವುದಿಲ್ಲವೆಂಬುದು ನಿಮಗೂ ಗೊತ್ತು. ಆದರೆ ನನ್ನ ಪಕ್ಕದ ಮೇಜಿನ ಶಿವಲೀಲಾ ಕೈ ಎತ್ತಿದಳು. ಬೀದರ್ ಕಡೆಯ ಹುಡುಗಿ, ನನ್ನನ್ನು ಅಣ್ಣಾ ಅನ್ನುತ್ತಿದ್ದಳು. ಎದ್ದು ನಿಂತು, ಆ ಟೊಪ್ಪಿಗೆಗಳನ್ನು ಯಾವಾಗ ತೆಗೆಯುತ್ತೀರಿ ಎಂದು ನೇರವಾಗಿ ಕೇಳಿದಳು.

ಕಟ್ಟಡದ ಉಸ್ತುವಾರಿಯ ಸಾಹೇಬರು ನಕ್ಕು ತೆಲುಗಿನಲ್ಲಿ ಕೇಳಿದರು: "ಏಮಮ್ಮಾ, ದೇವುಡಿ ಪೊಗ ಮೀದ ಕೂಡಾ ಕಂಪ್ಲೇಂಟಾ?"

ದೇವರ ಹೊಗೆಯ ಮೇಲೂ ದೂರೇ! ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅಂದಿನಿಂದ ಅವಳ ಹೆಸರು ಫೈರ್ ಮೇಡಂ ಎಂದಾಯಿತು. ಅವಳು ಕ್ಯಾಂಟೀನಿಗೆ ಬಂದರೆ ಯಾರಾದರೊಬ್ಬರು "ಟೀ ಸುಡ್ತದೆ ಮೇಡಂ, ಬಕೆಟ್ ತರ್ಲಾ?" ಅನ್ನುತ್ತಿದ್ದರು. "ನಗಲಿ ಬಿಡಣ್ಣಾ, ಹಲ್ಲಿಗೆ ಗಾಳಿ ಆಡ್ತದ" ಅನ್ನುತ್ತಿದ್ದಳು ಅವಳು.

ಆ ಶುಕ್ರವಾರ ಅವಳಿಗೆ ಅರೆತಲೆನೋವು. ಪೂಜೆ ಮುಗಿದ ಮೇಲೆ ಹೆಂಗಸರ ವಿಶ್ರಾಂತಿ ಕೋಣೆಗೆ ಹೋಗಿ ಮಲಗಿದಳು. ಅದರ ಪಕ್ಕದಲ್ಲೇ ಯುಪಿಎಸ್ ಬ್ಯಾಟರಿಗಳ ಕೋಣೆ. ಹನ್ನೊಂದು ಇಪ್ಪತ್ತಕ್ಕೆ ನಮ್ಮೆಲ್ಲರ ಕಣ್ಣು ಉರಿಯತೊಡಗಿತು. ಯಾರೂ ಏಳಲಿಲ್ಲ. ಶುಕ್ರವಾರ ಹೊಗೆ ಇರುವುದು ಸಹಜವಲ್ಲವೇ? "ಇವತ್ತು ಸಾಂಬ್ರಾಣಿ ಜೋರಾಗಿದೆ" ಎಂದು ಹಿಂದಿನ ಸಾಲಿನವನೊಬ್ಬ ಅಂದ. ಆ ಹೊಗೆಯಲ್ಲಿ ಸುಟ್ಟ ರಬ್ಬರಿನ ವಾಸನೆ ಇತ್ತು. ಬ್ಯಾಟರಿ ಕೋಣೆಗೆ ಬೆಂಕಿ ಬಿದ್ದಿತ್ತು. ತಲೆಯ ಮೇಲಿನ ಅಲಾರಂ ಟೊಪ್ಪಿಗೆ ಹಾಕಿಕೊಂಡು ಸುಮ್ಮನೆ ಕೂತಿತ್ತು.

ಪಕ್ಕದ ಖಾಲಿ ಕುರ್ಚಿ ಕಂಡದ್ದೇ ನಾನು ಓಡಿದೆ. ವಿಶ್ರಾಂತಿ ಕೋಣೆಗೆ ಹೋಗುವ ಓಣಿಯಂಥ ದಾರಿಯಲ್ಲಿ ನನ್ನ ಕೈಯೇ ನನಗೆ ಕಾಣುತ್ತಿರಲಿಲ್ಲ. ಒಳಗಿನಿಂದ ಯಾರೋ ಗೋಡೆ ಗುದ್ದುವ ಸದ್ದು. ಬಾಗಿಲು ಯಾವ ಕಡೆಗಿದೆ ಎಂದು ಅವಳಿಗೆ ತಿಳಿಯುತ್ತಿರಲಿಲ್ಲ. ಬಾಗಿಲು ನೂಕಿ, ನೆಲದ ಮೇಲೆ ತಡಕಾಡಿ, ಸಿಕ್ಕ ತೋಳು ಹಿಡಿದು ಎಳೆದುಕೊಂಡು ಬಂದೆ. ಆ ಗುದ್ದು ಈಗಲೂ ನಿದ್ದೆಯಲ್ಲಿ ಕೇಳುತ್ತದೆ, ಅಲ್ಲ, ಮೊನ್ನೆಯವರೆಗೂ ಕೇಳುತ್ತಿತ್ತು.

ಅವಳು ಉಳಿದಳು. ಆಸ್ಪತ್ರೆಯಲ್ಲಿ ಆಮ್ಲಜನಕದ ಮಾಸ್ಕ್ ಹಾಕಿಕೊಂಡು ಮಲಗಿದ್ದಾಗಲೇ ಆಫೀಸಿನಿಂದ ಅವಳಿಗೆ ನೋಟಿಸು ಬಂತು: ಕೆಲಸದ ವೇಳೆಯಲ್ಲಿ ನಿದ್ದೆ ಮಾಡಿ, ಅಲಾರಂ ಹೊಡೆದರೂ ಹೊರಗೆ ಬರಲಿಲ್ಲವೇಕೆ? ಅವಳ ಕೆಲಸ ಹೋಗುವುದರಲ್ಲಿತ್ತು. ನೀತಿ ಸಪ್ತಾಹ ನಡೆಸಿದ್ದ ಮೇಡಂ ನನ್ನನ್ನು ಒಳಗೆ ಕರೆದು, ಬೆಂಗಳೂರಿನ ಮೃದು ಕನ್ನಡದಲ್ಲಿ ಹೇಳಿದರು: "ನೋಡಿ, ನಾವ್ ನಾವು ಕನ್ನಡದವರು. ಅಲಾರಂ ಕೇಳಿಸ್ತು ಅಂತ ವಿಚಾರಣೇಲಿ ಹೇಳ್ಬಿಡಿ, ಸಾಕು. ಒಂದು ಮಾತು, ಅಷ್ಟೇ."

ಪರದೇಶದಂಥ ಊರಿನಲ್ಲಿ ತಾಯ್ನುಡಿ ಕಿವಿಗೆ ಬಿದ್ದರೆ ಕರಗಿಹೋಗುವವನು ನಾನು. ಅಂದು ಅದು ಕಿವಿಗೆ ಸೀಸ ಸುರಿದಂತಾಯಿತು. "ಮೇಡಂ, ಅದು ಒದರಲೇ ಇಲ್ಲರಿ. ಒದರಿದ್ರ ಅಕಿ ತಾನಽ ಎದ್ದು ಬರ್ತಿದ್ಲು" ಅಂದೆ. ವಿಚಾರಣೆಯಲ್ಲೂ ಅದನ್ನೇ ಹೇಳಿದೆ.

ನೋಟಿಸು ವಾಪಸಾಯಿತು. ಟೊಪ್ಪಿಗೆಗಳೂ ಮಾಯವಾದವು. ಯಾರೂ ತಪ್ಪಾಯಿತೆನ್ನಲಿಲ್ಲ. ಸಾಹೇಬರಿಗೆ ದೊಡ್ಡ ಕಟ್ಟಡದ ಉಸ್ತುವಾರಿ ಸಿಕ್ಕಿತು. ನನ್ನ ವರ್ಷದ ವರದಿಯಲ್ಲಿ 'ಸಕಾರಾತ್ಮಕತೆ ಸಾಲದು' ಎಂದು ಬಂತು. ನಾನು ಕೆಲಸ ಬಿಟ್ಟೆ. ಬೆಂಕಿಯ ಮೇಲೆ ನನಗೆ ಸಿಟ್ಟಿಲ್ಲ. ಬ್ಯಾಟರಿ ಯಾವ ಪ್ರಮಾಣವನ್ನೂ ಮಾಡಿರಲಿಲ್ಲ. ನಾವು ಮಾಡಿದ್ದೆವು. ಒಂದು ಸಂಸ್ಥೆಗೆ ನೀತಿ ಇದೆಯೋ ಇಲ್ಲವೋ ತಿಳಿಯಲು ಅದರ ಮಗ್ ಓದಬೇಕಾಗಿಲ್ಲ. ಕೈ ಎತ್ತಿದವಳ ಮಾತಿಗೆ ಅದು ನಕ್ಕಿತೋ, ಏಣಿ ತಂದಿತೋ, ಅಷ್ಟು ನೋಡಿದರೆ ಸಾಕು.

ಅಂದಿನಿಂದ ಎಲ್ಲಿ ಹೋದರೂ ಮೊದಲು ಚಾವಣಿ ನೋಡುತ್ತೇನೆ. ಮದುವೆ ಮಂಟಪಗಳಲ್ಲಿ ಜನ ನನ್ನನ್ನು ಹಲ್ಲಿಶಕುನದವನೆಂದು ತಿಳಿಯುತ್ತಾರೆ. ಮನೆಗೂ ಒಂದು ಹೊಗೆ ಅಲಾರಂ ಹಾಕಿಸಿದ್ದೇನೆ. ಮೊನ್ನೆ ಅವ್ವನ ಸಾಂಬ್ರಾಣಿಗೆ, ನನ್ನ ಅಂಗಿಗೆ, ಅದು ಮನೆಯೇ ಬಿರಿಯುವಂತೆ ಕಿರುಚಿತು. ಆ ಹೊತ್ತಿಗೆ ಸರಿಯಾಗಿ ಶಿವಲೀಲಾ ಬಂದಿದ್ದಳು, ಕೈಯಲ್ಲಿ ತನಗೆ ಸಿಕ್ಕ ಹೊಸ ಕೆಲಸದ ಪೇಡೆ.

"ಏ ತಮ್ಮಾ, ಮೊದಲ ಅದರ ಬಾಯಿಗೆ ಒಂದು ಅರಿವಿ ತುರುಕೋ!" ಅವ್ವ ಕಿವಿ ಮುಚ್ಚಿಕೊಂಡು ಕೂಗಿದಳು.

"ಬ್ಯಾಡ್ರಿ ಅವ್ವಾ, ಒದರಲಿ." ಅಂದಿನ ಹೊಗೆಗೆ ಒಡೆದ ಶಿವಲೀಲಾಳ ದನಿ ಇನ್ನೂ ಹಾಗೇ ಇತ್ತು. "ಕಿಟಕಿ ತೆಗೀರಿ. ಧೂಪ ಬಾಲ್ಕನ್ಯಾಗ ಇಡೂನು."

ಅವ್ವ ಗೊಣಗುತ್ತಲೇ ಧೂಪದ ತಟ್ಟೆ ಎತ್ತಿಕೊಂಡಳು. ನಾನು ಕಿಟಕಿಗಳನ್ನೆಲ್ಲ ತೆರೆದೆ. ಅಲಾರಂ ಇನ್ನೊಂದಿಷ್ಟು ಹೊತ್ತು ಕೂಗಿ, ಹೊಗೆ ಹೋದ ಮೇಲೆ ತಾನಾಗಿ ಸುಮ್ಮನಾಯಿತು. ನಾವು ಮೂವರೂ ಪೇಡೆ ತಿಂದೆವು.

ಮೊನ್ನೆಯ ಶುಕ್ರವಾರ ರಾತ್ರಿ ನನ್ನ ನಿದ್ದೆಯಲ್ಲಿ ಯಾರೂ ಗೋಡೆ ಗುದ್ದಲಿಲ್ಲ. ಶನಿವಾರದ ಬಿಸಿಲು ಮುಖಕ್ಕೆ ಬಿದ್ದಾಗಲೇ ನನಗೆ ಎಚ್ಚರವಾದದ್ದು.